ಮಾವ, ಆ ಗುಳಿಗೆಗಳ ವಿಷಯ

ಪ್ರೀತಿಯ ಮಾವನವರಿಗೆ ಸೊಸೆಯ ನಮಸ್ಕಾರಗಳು.

ಮಗಳ ಮನೆ ಹಿಡಿಸಿತೇ? ಕೈಗೆ ವ್ಯಾಯಾಮ ಮಾಡಿಸುವ ಕ್ಲಿನಿಕ್ಕು ಅಲ್ಲಿಗೆ ಹತ್ತಿರವೆಂದೇ ನಿಮ್ಮನ್ನು ಕಳಿಸಿಕೊಟ್ಟೆವು. ಆದರೆ ಹೊರಡುವಾಗ ನೀವು ನನ್ನ ಮುಖ ನೋಡಲಿಲ್ಲ. ಅದಕ್ಕೇ ಈ ಪತ್ರ.

ಅಂದು ನಮ್ಮ ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದವರು ಎಡಗೈ ಸೋತು ನಿಂತಿರಿ. "ಕೈ ಜೋಮು ಹಿಡಿದಿದೆ ಕಣಮ್ಮ" ಎಂದ ಮಾತೇ ತೊದಲಿತು. ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬೇಗ ಆಸ್ಪತ್ರೆ ಸೇರಿದ್ದರಿಂದ ನಮಗೆ ಉಳಿದಿರಿ; ಎಡಗೈಗೆ ಮಾತ್ರ ಬಲ ಬರಲಿಲ್ಲ. ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ, ನೆಂಟರಿಷ್ಟರ ವೈದ್ಯ! ಚಿಕ್ಕಮಾವ ಅರಿಶಿನದ ಕ್ಯಾಪ್ಸೂಲ್ ತಂದರು, ಎದುರುಮನೆ ಮೇಷ್ಟ್ರು ಮೀನೆಣ್ಣೆಯ ಗುಳಿಗೆ ತಂದರು. "ಮಿದುಳಿನ ಉರಿಯೂತ ಇಳಿದ್ರೆ ಕೈ ತಾನಾಗೇ ಏಳುತ್ತೆ" ಎಂದು ಎಲ್ಲರದೂ ಒಂದೇ ರಾಗ. ನೀವೋ ಪೆಪ್ಪರಮೆಂಟಿನಂತೆ ನುಂಗಿದಿರಿ. ಮತ್ತೆ ಒಲೆಯ ಮುಂದೆ ನಿಲ್ಲುವ ಆತುರ ನಿಮಗೆ.

ಆಮೇಲೆ ಗಡ್ಡ ಹೆರೆಯುವಾಗ ಆದ ಚಿಕ್ಕ ಗಾಯದ ರಕ್ತ ನಿಲ್ಲಲೇ ಇಲ್ಲ. ತೋಳಿನ ಮೇಲೆ ಪೆಟ್ಟಿಲ್ಲದೆ ನೀಲಿ ಕಲೆಗಳು. ಬಾಟಲಿಗಳನ್ನೆಲ್ಲ ಚೀಲಕ್ಕೆ ತುಂಬಿ ಡಾಕ್ಟರ ಮೇಜಿನ ಮೇಲಿಟ್ಟೆ. ಅವರು ಗದರಲಿಲ್ಲ.

"ಇವುಗಳ ಬಗ್ಗೆ ಇನ್ನೂ ಸಂಶೋಧನೆ ನಡೀತಿದೆ. ಕೈ ಬಂದೇ ಬರುತ್ತೆ ಅನ್ನೋಕೆ ಪುರಾವೆ ಇಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ನಾನು ಕೊಟ್ಟಿರೋ ಮಾತ್ರೆ ಜೊತೆ ಇವೂ ಸೇರಿದ್ರೆ ರಕ್ತಸ್ರಾವ ಹೆಚ್ಚಾಗಬಹುದು. ಇವನ್ನ ನಿಲ್ಸಿ. ನನ್ನ ಮಾತ್ರೆ ಮಾತ್ರ ಬಿಡ್ಬೇಡಿ" ಎಂದರು.

ನಾನು ಅವನ್ನು ನಿಲ್ಲಿಸಿದ್ದಕ್ಕೆ ನೀವು ಮುಖ ಊದಿಸಿಕೊಂಡಿರಿ. "ಇದ್ದೊಂದು ಆಸೆನೂ ಕಿತ್ಕೊಂಡ್ಯಲ್ಲಮ್ಮ."

ಅದಕ್ಕೆ ನನ್ನ ಉತ್ತರವನ್ನು ಈಗ ಹೇಳುತ್ತೇನೆ. ಮಾವ, ನಿಮಗೆ ನಿಮ್ಮ ಕೈ ಬೇಕು, ನನಗೆ ನೀವು ಬೇಕು. ಒಲೆ ಕಂಡರೆ ಹೆದರುತ್ತಿದ್ದ ನನಗೆ ಬ್ರೆಡ್ಡಿನ ಹದ ಕಲಿಸಿದವರು ನೀವು. ನಾನು ಸೀಯಿಸಿದ ಮೊದಲ ಟ್ರೇಯನ್ನು "ನಮ್ಮ ಸೊಸೆ ಸ್ಪೆಷಲ್" ಎಂದು ಗಿರಾಕಿಗಳಿಗೆ ಪುಕ್ಕಟೆ ಹಂಚಿ, ಒಬ್ಬರೂ ನಗದಂತೆ ನೋಡಿಕೊಂಡವರು ನೀವು. ಅಂಥವರನ್ನು ಒಂದು ಗುಳಿಗೆಗೆ ಬಿಟ್ಟುಕೊಡಲೇ?

ನಿನ್ನೆ ನಾವು ಫೋನಿನಲ್ಲಿ ಮಾತಾಡುತ್ತಿದ್ದಾಗ ನಿಮ್ಮ ಕಡೆ ಏನೋ ಧಡಾರ್ ಎಂದು ಬಿತ್ತು. "ಮಾವಾ!" ಎಂದು ಕೂಗಿದೆ. ಮರುಕ್ಷಣವೇ ದೂರದಿಂದ ನಿಮ್ಮ ನಗು: "ಬಿದ್ದಿದ್ದು ಫೋನಮ್ಮ, ನಾನಲ್ಲ! ಎಡಗೈಲಿ ಹಿಡ್ಕೊಂಡಿದ್ದೆ ಕಣೇ, ಎಡಗೈಲಿ!"

ಫೋನು ಒಡೆದರೆ ಒಡೆಯಲಿ, ಮಾವ. ಇನ್ನೊಂದು ಬೀಳಿಸಿ. ನಿಮ್ಮ ಬೆರಳುಗಳಿಗೆ ದಿನದಿನಕ್ಕೂ ಬಲ ಬರಲಿ.

ಇಲ್ಲಿ ನಿಮ್ಮ ದಾರಿ ಕಾಯುತ್ತಿರುವ,
ನಿಮ್ಮ ಸೊಸೆ