ನಮ್ಮನೆ ಯಾವಾಗಲೂ ಹೀಗೇ ಇರುತ್ತೆ

ಮಂಗಳವಾರ, ಮಧ್ಯಾಹ್ನ

ರೀ,

‘ಪ್ರೀತಿಯ’ ಎಂದು ಶುರುಮಾಡಲು ಹೋದೆ, ಕೈ ಬರಲಿಲ್ಲ. ದಿನಾ ಹೇಗೆ ಕರೆಯುತ್ತೇನೋ ಹಾಗೇ ಕರೆದಿದ್ದೇನೆ. ನೀವು ಗೋಡೆಯಾಚೆ ಪರದೆ ಎಳೆದುಕೊಂಡು ಮಲಗಿದ್ದೀರಿ. ಈಚೆ ನಾನು ತೊಡೆಯ ಮೇಲೆ ಮಗು ಹಾಕಿಕೊಂಡು, ಒಂದೇ ಮನೆಯಲ್ಲಿರುವ ಗಂಡನಿಗೆ ಕಾಗದ ಬರೆಯುತ್ತಿದ್ದೇನೆ. ಎಬ್ಬಿಸಿ ಹೇಳಬಹುದಿತ್ತು. ಎಬ್ಬಿಸಿದರೆ ಕಣ್ಣುಜ್ಜಿಕೊಂಡು ಆಮೇಲೆ ಮಾತಾಡೋಣ ಅನ್ನುತ್ತೀರಿ. ಆ ‘ಆಮೇಲೆ’ ನಮ್ಮ ಮನೆಗೆ ಇನ್ನೂ ಬಂದೇ ಇಲ್ಲ. ಆದ್ದರಿಂದ ಇದನ್ನು ನಿಮ್ಮ ಕೋಟಿನ ಜೇಬಿಗೆ ಹಾಕಿಡುತ್ತೇನೆ. ರಾತ್ರಿ ಬೇಕರಿಯಲ್ಲಿ ಮೊದಲ ಸುತ್ತಿನ ಬ್ರೆಡ್ಡು ಒಲೆಗೆ ಹೋದ ಮೇಲೆ ಸ್ವಲ್ಪ ಬಿಡುವಿರುತ್ತದಲ್ಲ, ಆಗ ಓದಿ. ಅಲ್ಲಿ ನಿಮಗೆ ಹಾಸಿಗೆ ಇರುವುದಿಲ್ಲ.

ಬೆಳಿಗ್ಗೆ ವಕೀಲಮ್ಮನ ಹತ್ತಿರ ಹೋಗಿದ್ದೆ. ಬನ್ನಿ ಎಂದು ನಿನ್ನೆಯೇ ಕೇಳಿದ್ದೆ, ನಿಮಗೆ ತಲೆನೋವು ಬಂತು. ಆಕೆ ವಲಸೆ ಇಲಾಖೆಯ ನೋಟೀಸನ್ನು ಓದಿ ಕನ್ನಡಕ ತೆಗೆದಿಟ್ಟರು. ಅದರ ಅರ್ಥ ಬಿಡಿಸಿ ಹೇಳಿದರು: ನಮ್ಮದು ಕಾಗದಪತ್ರಕ್ಕಾಗಿ ಆದ ಮದುವೆ ಎಂದು ಇಲಾಖೆಗೆ ಅನುಮಾನ. ಈ ಶುಕ್ರವಾರದೊಳಗೆ ನೀವೂ ಅತ್ತೆಯೂ ಅಧಿಕಾರಿಯ ಮುಂದೆ ನಿಂತು, ಅವರು ಮನೆ ನೋಡಲು ಬಂದ ದಿನ ಆದದ್ದೇನು ಎಂದು ಬರೆದು ಸಹಿ ಹಾಕಬೇಕು. ಇಲ್ಲದಿದ್ದರೆ ಕಾಯಂ ವಾಸದ ಅರ್ಜಿ ವಜಾ, ನಾನು ದೇಶ ಬಿಡಬೇಕು. ಮಗಳ ಗತಿ ಕೇಳಿದೆ. ಅವಳು ಅಪ್ಪನ ಹಾಗೆ ಇಲ್ಲಿಯ ಪ್ರಜೆಯಲ್ಲವೇ, ಅವಳು ಇಲ್ಲೇ ಇರಬಹುದು, ಅವಳಿಗೇನೂ ತೊಂದರೆಯಿಲ್ಲ ಎಂದರು. ಸಮಾಧಾನಕ್ಕೇ ಹೇಳಿದರು ಪಾಪ. ಇನ್ನೂ ಹಾಲು ಬಿಡಿಸದ ಕೂಸಿಗೆ ತಾಯಿ ಇಲ್ಲದಿದ್ದರೆ ತೊಂದರೆಯಿಲ್ಲವಂತೆ! ಬಸ್ಸಿನಲ್ಲಿ ಬರುವಾಗ ನನ್ನ ಹಲ್ಲು ಕಟಕಟ ಅನ್ನುತ್ತಿತ್ತು. ಅಳು ಬಂದದ್ದಲ್ಲ. ಸಿಟ್ಟು.

ಆ ದಿನ ಆದದ್ದೇನು ಎಂದು ನಿಮಗೆ ಗೊತ್ತು. ಆದರೂ ಬರೆಯುತ್ತೇನೆ, ನೀವು ಮರೆತವರ ಹಾಗೆ ಓಡಾಡುತ್ತಿದ್ದೀರಿ.

ಆ ವಾರ ಯಾವತ್ತಾದರೂ ಬರುತ್ತೇವೆ ಎಂದು ಇಲಾಖೆಯವರು ಮೊದಲೇ ತಿಳಿಸಿದ್ದರು. ನೆಂಟರು ಬರುತ್ತಾರೆಂದರೆ ಅತ್ತೆಗೆ ಕೈಕಾಲು ನಿಲ್ಲುವುದಿಲ್ಲ, ಇವರಂತೂ ಸರ್ಕಾರದ ನೆಂಟರು. ಹಾಲ್‌ನಲ್ಲಿದ್ದ ಮಗುವಿನ ಹಾಸಿಗೆ ಹೋಯಿತು. ಕಿಟಕಿಗೆ ಕಟ್ಟಿದ್ದ ಬಟ್ಟೆಯ ಹಗ್ಗ ಹೋಯಿತು. ಕುರ್ಚಿ ಮೇಲಿದ್ದ ನನ್ನ ಬಟ್ಟೆ, ಸಿಂಕಿನ ಪಕ್ಕದ ಹಾಲಿನ ಬಾಟಲಿಗಳು, ಔಷಧ, ಬಿರುಗೂದಲು ಕೆದರಿಕೊಂಡಿದ್ದ ನನ್ನ ಹಲ್ಲುಜ್ಜುವ ಬ್ರಷ್ಷು, ಕೊನೆಗೆ ಬೀರುವಿನಲ್ಲಿ ತುರುಕಿದ್ದ ನನ್ನ ಸೀರೆ ಅಂಗಿಗಳೂ ಚೀಲ ಸೇರಿದವು. ನಾದಿನಿ ಕಾರು ತಂದು ಎಲ್ಲವನ್ನೂ ತನ್ನ ಮನೆಗೆ ಸಾಗಿಸಿದಳು. ಬೇಡಿ ಅತ್ತೆ, ಅವರು ನೋಡಲು ಬರುತ್ತಿರುವುದೇ ಅದನ್ನು ಎಂದು ನಾನು ಬಡಕೊಂಡೆ. ನೀವೇ ಅಲ್ಲವೇ ಹೇಳಿದ್ದು, “ಈ ಸಂತೆ ನೋಡಿದ್ರೆ ಏನಂದ್ಕೋತಾರೆ? ನಾಚಿಕೆ ಆಗಲ್ವಾ ನಿಂಗೆ?”

ನಾಚಿಕೆಯಂತೆ. ನಾವು ಒಂದೇ ಹಾಸಿಗೆಯನ್ನು ಪಾಳಿಯಲ್ಲಿ ಹಂಚಿಕೊಂಡ ಗಂಡಹೆಂಡಿರು. ನೀವು ಬೆಳಿಗ್ಗೆ ಬಂದು ಮಲಗುವಾಗ ನಾನು ಬಿಟ್ಟೆದ್ದ ಬಿಸಿ ಇನ್ನೂ ಇರುತ್ತದೆ. ನಿಮ್ಮ ತಲೆದಿಂಬಿನಲ್ಲಿ ಮೈದಾ ಹಿಟ್ಟು, ನನ್ನದರಲ್ಲಿ ಹಾಲಿನ ಕಲೆ. ನಮ್ಮ ಸಂಸಾರಕ್ಕೆ ಸಾಕ್ಷಿ ಅಂತ ಇದ್ದದ್ದು ಅವೆರಡೇ, ಅವನ್ನೂ ಅತ್ತೆ ಒಗೆಯಲು ಹಾಕಿ, ಹೋಟೆಲಿನ ರೂಮಿನ ಹಾಗೆ ಬಿಳೀ ಚಾದರ ಹೊದಿಸಿಬಿಟ್ಟರು.

ಅವರು ಬಂದಾಗ ನಾನು ಜ್ವರದ ಮಗುವನ್ನು ಎತ್ತಿಕೊಂಡು ಡಾಕ್ಟರ ಬಾಗಿಲಲ್ಲಿ ಕೂತಿದ್ದೆ. ಆಮೇಲೆ ನಡೆದದ್ದನ್ನು ನಾದಿನಿಯ ಬಾಯಿಂದ ಕೇಳಿದೆ, ನಿಮ್ಮ ಬಾಯಿಂದಲ್ಲ. ಆ ಅಧಿಕಾರಿಣಿ ಬೀರು ತೆರೆದರಂತೆ, ನಿಮ್ಮ ಅಂಗಿಗಳು ಮಾತ್ರ. ಬಚ್ಚಲಿನಲ್ಲಿ ಒಂದೇ ಬ್ರಷ್ಷು. ಮಗು ಎಲ್ಲಿ ಮಲಗುತ್ತದೆ ಎಂದು ಕೇಳಿದರೆ ತೋರಿಸಲು ಏನೂ ಇಲ್ಲ. ಇಲ್ಲಿ ಹೆಂಗಸು, ಮಗು ಇರುವ ಗುರುತೇ ಕಾಣುವುದಿಲ್ಲವಲ್ಲ, ಇವತ್ತಿಗೆಂದು ಏನಾದರೂ ತೆಗೆದಿಟ್ಟಿದ್ದೀರಾ ಎಂದು ಆಕೆ ನೇರವಾಗೇ ಕೇಳಿದರಂತೆ. ಅತ್ತೆ ಸೆರಗು ಸರಿಮಾಡಿಕೊಂಡು ಹೆಮ್ಮೆಯಿಂದ ಹೇಳಿದ ಮಾತು: “ಇಲ್ಲಮ್ಮ, ನಮ್ಮನೆ ಯಾವಾಗ್ಲೂ ಹೀಗೇ ಇರುತ್ತೆ.”

ಆಕೆ ಅದನ್ನು ಬರೆದುಕೊಂಡು ನಿಮ್ಮ ಮುಖ ನೋಡಿದರಂತೆ. ನೀವು ತಲೆಯಾಡಿಸಿದಿರಿ.

ಅತ್ತೆಗೆ ಏನು ಗೊತ್ತು? ಅವರಿಗೆ ಅದು ಮನೆಯ ಮರ್ಯಾದೆಯ ಪ್ರಶ್ನೆ. ಆದರೆ ಅರ್ಜಿ ತುಂಬಿದವರು ನೀವು, ಇಲಾಖೆಯ ಮೆಟ್ಟಿಲು ಹತ್ತಿ ಇಳಿದವರು ನೀವು, ಆಕೆ ಯಾಕೆ ಕೇಳುತ್ತಿದ್ದಾರೆ ಎಂದು ಅರಿತವರೂ ನೀವೊಬ್ಬರೇ. ಇದೆಲ್ಲ ನಿನ್ನೆ ತೆಗೆಸಿದ್ದು ಮೇಡಂ ಎಂದು ಒಂದು ಮಾತು. ಅದಕ್ಕೂ ಬಾಯಿಗೆ ಬೀಗ. ಅಮ್ಮನ ಮಾತನ್ನು ಸುಳ್ಳು ಮಾಡಲು ಮನಸ್ಸು ಬರಲಿಲ್ಲ ಎಂದಿರಿ. ಹೆಂಡತಿಯನ್ನು ಸುಳ್ಳು ಮಾಡಲು ಬಂತು.

ನೋಟೀಸು ಬಂದಾಗಿನಿಂದ ನಿಮ್ಮದು ಒಂದೇ ಹಾಡು: ಅಮ್ಮನಿಗೆ ಹೇಳಿದ್ದೀನಿ, ಅಮ್ಮ ಒಪ್ಪುತ್ತಿಲ್ಲ. ನಮ್ಮ ಮನೆ ಕೊಳಕಾಗಿತ್ತು, ನಾನೇ ಮುಚ್ಚಿಟ್ಟೆ ಅಂತ ಸರ್ಕಾರಕ್ಕೆ ಬರೆದುಕೊಡಲೇ ಎಂದು ಅಮ್ಮ ಕೂಗಾಡಿದರು, ನೀನು ಬಾಯಿ ಹಾಕಬೇಡ, ಬಿಪಿ ಏರುತ್ತದೆ, ನಾನೇ ಸಮಯ ನೋಡಿ ಒಪ್ಪಿಸುತ್ತೇನೆ. ನಾನು ದಡ್ಡಿ, ನಂಬಿ ಬಾಯಿ ಮುಚ್ಚಿಕೊಂಡೆ. ಅತ್ತೆಯ ಮುಖ ಕಂಡರೆ ಮೈ ಉರಿಯುತ್ತದೆ. ಅವರು ಊಟಕ್ಕೆ ಕರೆದರೆ ಹಸಿವಿಲ್ಲ ಅನ್ನುತ್ತೇನೆ, ಮಗುವನ್ನು ಕೊಡು ಎಂದರೆ ನಿದ್ದೆ ಮಾಡುತ್ತಿದೆ ಅನ್ನುತ್ತೇನೆ. ನಿದ್ದೆ ಮಾಡಬೇಕಾದವಳು ನಾನು. ಕಣ್ಣು ಮುಚ್ಚಿದರೆ ಸಾಕು, ಯಾರೋ ಮಗುವನ್ನು ನನ್ನ ತೋಳಿನಿಂದ ಬಿಡಿಸಿಕೊಂಡು, ಇವಳಿಗೆ ಇಲ್ಲಿರಲು ಅಡ್ಡಿಯಿಲ್ಲ, ನೀವು ನಡೆಯಿರಿ ಅನ್ನುತ್ತಾರೆ.

ಇನ್ನೊಂದು ಮಾತೂ ಹೊಟ್ಟೆಯಲ್ಲಿದೆ, ಹೇಳಿಬಿಡುತ್ತೇನೆ. ನಿಮ್ಮ ಬೇಕರಿಯ ಮೇಸ್ತ್ರಿ ಊಟಕ್ಕೆ ಬಂದಿದ್ದಾಗ, ಕಾಯಂ ಕಾರ್ಡು ಬಂದರೆ ನಿನ್ನ ಹೆಂಡತಿ ಲ್ಯಾಬಿನಲ್ಲಿ ಕೆಲಸ ಹಿಡಿಯಬಹುದಲ್ಲಯ್ಯಾ, ರಸಾಯನಶಾಸ್ತ್ರ ಓದಿದವಳು ಎಂದರು. ನೀವು ನಕ್ಕು ಹೇಳಿದಿರಿ: “ಕಾರ್ಡ್ ಬಂದ್ಮೇಲೆ ಇವಳು ನನ್ನ ಕೈಗೆ ಸಿಗ್ತಾಳಾ ಅಣ್ಣಾ?” ಎಲ್ಲರೂ ನಕ್ಕರು. ನಾನೂ ನೀರು ಬಡಿಸುತ್ತಾ ನಕ್ಕೆ. ಆಗ ನಗೆಮಾತು ಅನ್ನಿಸಿತ್ತು. ಈಗ ಬೆಳಗಿನ ಜಾವ ಮಗುವನ್ನು ತಟ್ಟುತ್ತಾ ಕೂತಾಗ ಆ ಮಾತು ನಗೆ ಕಳಚಿಟ್ಟು ಬಂದು ಎದುರಿಗೆ ನಿಲ್ಲುತ್ತದೆ. ಹೊರಗೆ ಹೋಗಬೇಕಾದರೆ ನಿಮ್ಮನ್ನು ಕೇಳಬೇಕು, ಕೆಲಸಕ್ಕೆ ಹೋಗುವಂತಿಲ್ಲ, ಉಳಿಯಬೇಕಾದರೆ ನಿಮ್ಮ ಸಹಿ ಬೇಕು. ಇದು ನಿಮಗೆ ಕಷ್ಟವೇ, ಅಥವಾ ಹಿತವಾಗಿದೆಯೇ? ಕೇಳಬಾರದ ಪ್ರಶ್ನೆ ಎಂದು ಗೊತ್ತು. ಕೇಳಿದ್ದೇನೆ.

ನಾನು ಈ ದೇಶದ ಕಾರ್ಡಿಗಾಗಿ ನಿಮ್ಮನ್ನು ಮದುವೆಯಾಗಲಿಲ್ಲ. ಹುಬ್ಬಿನ ಮೇಲೆ ಹಿಟ್ಟು ಹಚ್ಚಿಕೊಂಡೇ ನನ್ನನ್ನು ನೋಡಲು ಓಡಿಬಂದಿದ್ದ ಮನುಷ್ಯನನ್ನು ಆದೆ. ಆತ ಎಲ್ಲಿಗೆ ಹೋದ ಎಂದು ಯಾವ ಇಲಾಖೆಗೆ ಅರ್ಜಿ ಹಾಕಲಿ?

ನಾಳೆ ಬೆಳಿಗ್ಗೆ ಬೇಕರಿಯಿಂದ ನೇರ ವಕೀಲಮ್ಮನ ಆಫೀಸಿಗೆ ಬನ್ನಿ. ನಿದ್ದೆಗೆಟ್ಟರೆ ಕೆಡಲಿ. ಅತ್ತೆಯನ್ನು ಕರೆತರುವುದು ನಿಮ್ಮ ಜವಾಬ್ದಾರಿ, ಕಾಲು ಹಿಡಿಯುತ್ತೀರೋ ಜಗಳವಾಡುತ್ತೀರೋ ನನಗೆ ಬೇಕಿಲ್ಲ.

ಇಂತಿ,
ಹೆಂಡತಿ ಹೌದೆಂದು ಪುರಾವೆ ಕೊಡಬೇಕಾಗಿ ಬಂದಿರುವ
ನಿಮ್ಮ ಹೆಂಡತಿ

ಮರೆತ ಮಾತು: ಸಹಿ ಹಾಕಿ ತಲೆಯೆತ್ತಿದಾಗ ಅತ್ತೆ ಎದುರಿಗೇ ನಿಂತಿದ್ದರು. ಯಾಕಮ್ಮಾ ಹೀಗೆ ಒಣಗಿಹೋಗಿದ್ದೀಯ, ನನ್ನಿಂದ ಏನು ತಪ್ಪಾಯಿತು ಎಂದರು. ತಡೆಯಲಾಗಲಿಲ್ಲ. ಆ ನೋಟೀಸಿಗೆ ಎರಡು ಅಕ್ಷರ ಬರೆದುಕೊಡಲು ಅಷ್ಟು ಕೂಗಾಡಿದಿರಂತಲ್ಲ ಎಂದು ಬಾಯಿಗೆ ಬಂದ ಹಾಗೆ ಆಡಿಬಿಟ್ಟೆ. ಅವರು ಕಣ್ಣು ಪಿಳಿಪಿಳಿ ಬಿಡುತ್ತಾ ಕೇಳಿಸಿಕೊಂಡರು. ಆಮೇಲೆ ಕೇಳಿದರು: “ಯಾವ ನೋಟೀಸು? ನಂಗ್ಯಾರೂ ಏನೂ ಹೇಳೇ ಇಲ್ವಲ್ಲಮ್ಮ.”

ಎಲ್ಲವನ್ನೂ ಹೇಳಿದೆ. ಕೂಗಾಡಲಿಲ್ಲ. ಮನೆ ದಿನಾ ಗುಡಿಸುತ್ತೇವೆ ಅನ್ನುವುದನ್ನು ಮಾತ್ರ ಸೇರಿಸು, ಮಿಕ್ಕಿದ್ದಕ್ಕೆಲ್ಲ ಎಲ್ಲಿ ಬೇಕಾದರೂ ಸಹಿ ಹಾಕುತ್ತೇನೆ ಎಂದರು. ನಾಳೆ ನನ್ನ ಜೊತೆ ಬರುತ್ತಿದ್ದಾರೆ. ನನ್ನ ಮಗ ನಿನಗೆ ಏನಂತ ಹೇಳಿದ ಎಂದು ಮತ್ತೆ ಕೇಳಿದರು. ಈ ಕಾಗದವನ್ನೇ ಓದಲು ಕೊಟ್ಟೆ. ಈಗಷ್ಟೇ ಓದಿ ಮುಗಿಸಿ ನನ್ನ ಕೈಗಿಟ್ಟು ನಿಮ್ಮ ಬಾಗಿಲು ಬಡಿಯುತ್ತಿದ್ದಾರೆ. ಎದ್ದು ತೆಗೆಯಿರಿ.