ಮೊಣಕಾಲಿಗೆ ನಾಲ್ಕು ಬ್ಯಾಂಡೇಜು

ಮಾರ್ಚ್ ೯

ಪ್ರೀತಿಯ ಅಕ್ಕನಿಗೆ,

ನಿನ್ನ ಪುಟ್ಟಿಯ ನಮಸ್ಕಾರ. ಮಾತು ಬಿಟ್ಟು ಎಂಟು ತಿಂಗಳಾಯಿತು. ಈಗ ಯಾವ ಮುಖ ಇಟ್ಟುಕೊಂಡು ಬರೆಯುತ್ತಾಳೆ ಎನ್ನುತ್ತೀಯೇನೋ. ಹರಿದು ಬಿಸಾಡುವ ಮುನ್ನ ಪೂರ್ತಿ ಓದು. ನಿನ್ನಿಂದ ಒಂದು ಉತ್ತರ ಬಂದರೆ ನನಗಷ್ಟೇ ಸಾಕು.

ಗಾಯದ ಆರೈಕೆಯ ಇಂಗ್ಲಿಷ್ ಕೈಪಿಡಿಯೊಂದನ್ನು ಇಟಾಲಿಯನ್‌ಗೆ ಅನುವಾದಿಸುತ್ತಿದ್ದೇನೆ. ಮನೆಯಲ್ಲಿ ಬೆಳಗಿನಿಂದ ಕೀವು, ಹುಣ್ಣು, ಸತ್ತ ಚರ್ಮದ್ದೇ ಮಾತು. ನಿನ್ನೆ ಊಟಕ್ಕೆ ಕೂತಾಗ, "ರೀ, ಕೀವು ತೆಳ್ಳಗಿದೆ ಅನ್ನಲಾ, ನೀರುನೀರಾಗಿದೆ ಅನ್ನಲಾ?" ಎಂದೆ. ಯಜಮಾನರು ತಟ್ಟೆ ದೂರ ತಳ್ಳಿ, "ತಾಯಿ, ಕೈ ಮುಗೀತೀನಿ, ಊಟ ಮುಗಿಯೋವರೆಗಾದ್ರೂ ಸುಮ್ನಿರು" ಎಂದರು.

ನನ್ನ ಪದ್ಧತಿ ಹೀಗೆ: ಅನುವಾದದ ಪುಟ ನೋಡಿಕೊಂಡು ಯಾರಾದರೂ ನಿಜವಾಗಿ ಬ್ಯಾಂಡೇಜು ಕಟ್ಟಿ ತೋರಿಸದೆ ಅದನ್ನು ಕಳಿಸುವುದಿಲ್ಲ. ಇಟಾಲಿಯನ್ ಅಷ್ಟಿಷ್ಟು ಬರುವ ಯಜಮಾನರೇ ಬಲಿಪಶು. ಅವರೋ, ನಿನಗೆ ಗೊತ್ತಲ್ಲ, ಹಾಕಿದ ಗೆರೆ ದಾಟದ ಮನುಷ್ಯ. 'ದಿನಕ್ಕೊಂದು ಹೊಸ ಬ್ಯಾಂಡೇಜು ಕಟ್ಟಿ' ಎಂದಿತ್ತು, ಮೊಣಕಾಲಿಗೆ ಕಟ್ಟಿಕೊಂಡರು. 'ಹಳೆಯದನ್ನು ಬಿಚ್ಚಿ' ಎಂಬ ಸಾಲನ್ನು ನಾನು ಬಿಟ್ಟೇಬಿಟ್ಟಿದ್ದೆ. ನಾಲ್ಕನೇ ದಿನ ಪ್ಯಾಂಟೇ ಏರಲಿಲ್ಲ.

ಕೆಳಗಿನ ಮನೆಯ ನಿವೃತ್ತ ನರ್ಸು ಇವರನ್ನು ಮೆಟ್ಟಿಲ ಮೇಲೆ ಕಂಡು, "ಅಯ್ಯೋ, ಯಾವಾಗ ಬಿದ್ರಿ?" ಎಂದರು.

"ಬಿದ್ದಿಲ್ಲಮ್ಮ, ಮದುವೆ ಆದೆ" ಎಂದರು ಇವರು.

ನರ್ಸಮ್ಮ ನನ್ನ ಅನುವಾದದ ಕತೆ ಕೇಳಿ, ಕತ್ತರಿ ತಂದು ಬಿಚ್ಚುತ್ತಲೇ ನನಗೆ ಮಂಗಳಾರತಿ ಎತ್ತಿದರು. "ನಗ್ತೀರಲ್ರೀ! ನಾಳೆ ಇದನ್ನೇ ಓದ್ಕೊಂಡು ಯಾರೋ ಮಗಳು ತಾಯಿಗೆ ಬ್ಯಾಂಡೇಜು ಕಟ್ತಾಳೆ." ನನ್ನ ನಗು ಅಲ್ಲಿಗೇ ನಿಂತಿತು. ಆ ಸಾಲು ಸೇರಿಸಿ ಪುಟ ಕಳಿಸಿದೆ.

ಇವರ ಮೊಣಕಾಲು ನೆಟ್ಟಗಿದೆ, ಗಾಯವೇ ಇರಲಿಲ್ಲವಲ್ಲ. ಭಾವನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ,
ಪುಟ್ಟಿ

ಮ.ವಿ.: ಅಮ್ಮ ಹೋದ ದಿನ ನೆಂಟರೆಲ್ಲರ ಎದುರು, "ಬೆನ್ನು ತುಂಬ ಹುಣ್ಣಾಗೋ ಹಾಗೆ ಮಲಗಿಸಿಟ್ಟಿದ್ದೀಯಲ್ಲ" ಎಂದು ನಿನಗೆ ಅಂದುಬಿಟ್ಟೆ. ಮೊನ್ನೆ ಆರನೇ ಅಧ್ಯಾಯಕ್ಕೆ ಬಂದೆ. ಎಷ್ಟೇ ಜತನದಿಂದ ಮಗ್ಗುಲು ಬದಲಿಸಿದರೂ ಕೊನೆಗಾಲದಲ್ಲಿ ಕೆಲವರಿಗೆ ಅಂಥ ಹುಣ್ಣು ಬರುತ್ತದೆ, ಅದು ನೋಡಿಕೊಂಡವರ ತಪ್ಪಲ್ಲ ಎಂದಿತ್ತು. ಅಷ್ಟನ್ನು ಇಟಾಲಿಯನ್‌ನಲ್ಲಿ ಬರೆದೆ. ಮುಂದಿನ ಸಾಲು ಕಣ್ಣಿಗೆ ಕಾಣಲಿಲ್ಲ. ನೀನು ಒಂದು ವರ್ಷ ಅಮ್ಮನ ಮಗ್ಗುಲು ಬದಲಿಸಿದೆ. ನಾನು ಎರಡು ದಿನ ಬಂದು ಬಾಯಿ ಮಾಡಿ ಹೋದೆ. ತಪ್ಪಾಯಿತು, ಅಕ್ಕ. ಬೈಯುವುದಕ್ಕಾದರೂ ಬರೆ.