ಬೂದನಿಗೆ ಅಮಾವಾಸ್ಯೆಯ ಗಡುವು

ಹಂಗಳ
೧೧ ಜನವರಿ ೧೯೫೪, ಸೋಮವಾರ. ಬೆಳಿಗ್ಗೆ ೭

ಇವತ್ತೂ ನೆಲ ಒಣಗಿದೆ. ಹನ್ನೊಂದನೇ ದಿನ. ನಾಯಿಮರಿ ಬೂದ ಎದ್ದ ಕೂಡಲೇ ಹಿತ್ತಲಿಗೆ, ತಿಂದ ಕೂಡಲೇ ಹಿತ್ತಲಿಗೆ, ಆಡಿ ಸುಸ್ತಾದ ಮೇಲೆ ಇನ್ನೊಮ್ಮೆ. ಕೊಟ್ಟಿಗೆಯ ಪಕ್ಕ ಒಂದು ಸುತ್ತು ಮೂಸಿ, ಕೂತು, ಮುಗಿಸಿ, ನನ್ನ ಮುಖ ನೋಡುತ್ತಾನೆ. ‘ಗುಡ್ ಬಾಯ್’ ಅನ್ನುತ್ತೇನೆ. ಹಂಗಳದ ನಾಯಿಗೆ ಇಂಗ್ಲಿಷ್ ಯಾಕೆ ಅಂತ ಅತ್ತೆ ಕೇಳುತ್ತಾರೆ. ನಿಜ, ಯಾಕೆ? ಮೈಸೂರಿನ ಕಾನ್ವೆಂಟಿನಲ್ಲಿ ಕಲಿತದ್ದು ಇಪ್ಪತ್ತೈದು ವರ್ಷದ ಮೇಲೆ ಹೀಗಾದರೂ ಬಳಕೆಗೆ ಬಂತಲ್ಲ.

ಬೂದನಿಗೆ ಮೂರು ತಿಂಗಳು. ಕೊಟ್ಟಿಗೆ ಕೆಲಸದ ರಾಚಮ್ಮನ ನಾಯಿ ನಮ್ಮ ಕೊಟ್ಟಿಗೆಯ ಮೂಲೆಯಲ್ಲೇ ಐದು ಮರಿ ಹಾಕಿತ್ತು. ತಾಯಿಯನ್ನೂ ನಾಲ್ಕು ಮರಿಗಳನ್ನೂ ಚಿರತೆ ಒಯ್ದಿತು. ಇದೊಂದು ಉಳಿಯಿತು. ರಾಚಮ್ಮನ ಗುಡಿಸಿಲಿಗೆ ಬಾಗಿಲೆಂದರೆ ತಡಿಕೆ. “ನಿಮ್ ಮನೇಲಿ ಬಾಗ್ಲದೆ ಕಣವ್ವ,” ಎಂದು ಸೆರಗಿನಿಂದ ತೆಗೆದು ಕೊಟ್ಟಳು.

೧೫ ಜನವರಿ, ಶುಕ್ರವಾರ

ನಿನ್ನೆ ಸಂಕ್ರಾಂತಿ. ಸಂಜೆ ಎತ್ತುಗಳಿಗೆ ಕಿಚ್ಚು ಹಾಯಿಸುವಾಗ ತಮಟೆ, ಕೇಕೆ, ಹುಲ್ಲಿನ ಉರಿ. ಬೂದ ಬೆದರಿ ಒಳಗೆ ಓಡಿದ. ನಡುಮನೆಯಲ್ಲಿ, ದೇವರ ಕೋಣೆಯ ಹೊಸ್ತಿಲ ಎದುರಿಗೇ — ಆಗಿಹೋಯಿತು.

ಅತ್ತೆ ಕೂಗಾಡಲಿಲ್ಲ. ಚೊಂಬಿನಲ್ಲಿ ಹಸುವಿನ ಗಂಜಳ ತಂದು ಚಿಮುಕಿಸಿದರು. ಸಗಣಿ ಹಾಕಿ ಸಾರಿಸಿದರು. ಸ್ನಾನ ಮಾಡಿ ಮತ್ತೆ ಪೂಜೆಗೆ ಕೂತರು. ಎಪ್ಪತ್ತು ವರ್ಷ, ಈ ಚಳಿ... ನನಗೆ ನಾಚಿಕೆ.

ಬೆದರಿದ ಮರಿ. ಒಂದು ಸಲದ್ದು. ಇರಲಿ.

೧೭ ಜನವರಿ, ಭಾನುವಾರ. ಮಧ್ಯಾಹ್ನ

ಒಂದು ಸಲದ್ದಲ್ಲ. ನಿನ್ನೆ ಎರಡು, ಇವತ್ತು ಆಗಲೇ ಒಂದು. ಅದೇ ಜಾಗ, ಅಂಗೈ ಅಗಲವೂ ಆಚೀಚೆ ಇಲ್ಲ. ಪ್ರತಿ ಸಲವೂ ಅತ್ತೆ, ಚೊಂಬು, ಸಗಣಿ, ಸ್ನಾನ.

ನಮ್ಮ ಯಜಮಾನರು ಚಾಮರಾಜನಗರದ ಆಫೀಸಿನಿಂದ ರಜೆಗೆ ಬಂದಿದ್ದಾರೆ. ಅವರ ಸಾಹೇಬರ ಮನೆಯಲ್ಲಿ ನಾಯಿಯ ಮೂಗನ್ನು ಅದಕ್ಕೇ ತಿಕ್ಕಿ ಒಂದೇಟು ಹಾಕುತ್ತಾರಂತೆ. ನಾಯಿ ಸಾಕುವ ಬಗ್ಗೆ ನನ್ನ ಬಳಿ ಇರುವ ಇಂಗ್ಲಿಷ್ ಪುಸ್ತಕದಲ್ಲೂ ಹಾಗೇ ಇದೆ. ಇಬ್ಬರೂ ಒಂದೇ ಮಾತು ಹೇಳಿದ ಮೇಲೆ ಸರಿಯೇ ಇರಬೇಕು.

೨೦ ಜನವರಿ, ಬುಧವಾರ

ಮೂಗು ತಿಕ್ಕಿದೆ. ಪೇಪರ್ ಸುರುಳಿ ಮಾಡಿ ಹೊಡೆದೆ. ಮೂರು ದಿನದಿಂದ. ಫಲ — ನನ್ನನ್ನು ಕಂಡರೆ ಹೊಟ್ಟೆ ನೆಲಕ್ಕೆ ಹಚ್ಚಿ ತೆವಳುತ್ತಾನೆ. ಹಾಗೆ ತೆವಳುತ್ತಲೇ ಹೋಗಿ ಅಲ್ಲೇ ಉಚ್ಚೆ ಹೊಯ್ಯುತ್ತಾನೆ.

ಅತ್ತೆ ಇವತ್ತು ಎಲೆ ಅಡಿಕೆ ಹಾಕಿಕೊಂಡು ಕೂತು ಹೇಳಿದರು: “ಅಮಾಸೆ ತಂಕ ನೋಡ್ತೀನಿ ಕಣಮ್ಮಿ. ಆಮೇಲೆ ಹಿತ್ಲಲ್ಲಿ ಕಟ್ಟಾಕು.”

“ಅತ್ತೆ, ಚಿರತೆ...”

“ಗೊತ್ತು. ನಾನೇನ್ ಕಟುಕಳಾ? ಶಿವನ್ ಮುಂದೆ ದಿನಾ ಉಯ್ತಾ ಇದ್ರೆ ಎಷ್ಟ್ ದಿನ ತಡ್ಕಳ್ಳಿ, ನೀನೇ ಹೇಳು.”

ಅವರ ಕಡೆ ತಪ್ಪಿಲ್ಲ. ಹಿತ್ತಲಲ್ಲಿ ಕಟ್ಟಿದ ನಾಯಿ ಈ ಊರಲ್ಲಿ ಎರಡು ರಾತ್ರಿ ಉಳಿದದ್ದು ನಾನು ಕಂಡಿಲ್ಲ. ಅಮಾವಾಸ್ಯೆ ಫೆಬ್ರವರಿ ಮೂರು.

೨೭ ಜನವರಿ, ಬುಧವಾರ

ಆರು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಮಾಡಲಿಲ್ಲ. ಹೊಡೆದದ್ದನ್ನು ಎಷ್ಟು ಸಲ ಬರೆಯುವುದು.

ಬೆಳಿಗ್ಗೆ ಕೊಟ್ಟಿಗೆ ಕಡೆ ಹೋದಾಗ ರಾಚಮ್ಮ ಗಂಜಳದ ಗುಂಡಿ ಬಳಿಯುತ್ತಿದ್ದಳು. ಬೂದ ನನ್ನ ಕಾಲಿಂದ ದೂರ ಸರಿದು ಅವಳ ಹಿಂದೆ ನಿಂತ. ಅವಳು ಮರಿಯನ್ನು ನೋಡಿದಳು, ನನ್ನನ್ನು ನೋಡಿದಳು.

“ಒಡೀತೀರಾ ಅವ್ವಾ?”

ಹೌದು ಅಂದೆ. ಸುಳ್ಳು ಬರಲಿಲ್ಲ.

“ಎಲ್ಲಿ ಉಯ್ತದೆ?”

“ದೇವರ ಕೋಣೆ ಮುಂದೆ. ಅಲ್ಲೇ. ಯಾವಾಗಲೂ.”

“ಏನಾಕಿ ಸಾರುಸ್ತೀರಿ?”

ಹೇಳಿದೆ. ಬಳಿಯುವ ಕೈ ನಿಂತಿತು. ಆಮೇಲೆ ನಕ್ಕಳು. ಸೊಂಟ ಹಿಡಿದುಕೊಂಡು ನಕ್ಕಳು.

“ಅಯ್ಯೋ ನನ್ನವ್ವ! ಇದು ಕಣ್ ಬುಟ್ಟಿದ್ದೇ ಈ ಗುಂಡಿ ತಾವು. ಅವ್ರವ್ವ ದಿನಾ ಇಲ್ಲೀಗೇ ಕರ್ಕಬಂದು ಉಯ್ಸ್ತಿತ್ತು. ಗಂಜ್ಳದ ವಾಸ್ನೆ ಬಂದ್ರೆ ಇದುಕ್ಕೆ ಅದೇ ಜಾಗ ಅಂತ ಲೆಕ್ಕ. ನೀವು ದೇವ್ರ್ ಮುಂದೆ ಗುಂಡಿ ಮಾಡ್ಬುಟ್ಟು, ಅಲ್ಲಿ ಉಯ್ದ್ರೆ ಒಡೀತೀರಲ್ಲ!”

“ಸಗಣಿ?”

“ಸಗಣಿ ಒಣ್ಗುದ್ರೆ ವಾಸ್ನೆ ಓಯ್ತದೆ. ಗಂಜ್ಳ ಮಣ್ಣೊಳಕ್ಕೆ ಇಳೀತದೆ. ಓಗಕಿಲ್ಲ.”

ಈ ಹನ್ನೆರಡು ದಿನವೂ ಮರಿ ಮಾಡುತ್ತಿದ್ದದ್ದು ಹಟವಲ್ಲ. ಸತ್ತ ತಾಯಿ ಕಲಿಸಿದ್ದನ್ನು ಏಟು ತಿಂದುಕೊಂಡೂ ಬಿಡದೆ ನಡೆಸುತ್ತಿತ್ತು. ಇಷ್ಟು ನಿಯತ್ತು ನನ್ನಲ್ಲಿದೆಯೇ?

ಮತ್ತೆ ರಾಚಮ್ಮ. ಹದಿನೆಂಟು ವರ್ಷದಿಂದ ಈ ಮನೆಯ ಕೆಲಸ. ನಡುಮನೆ ಹೇಗಿದೆ ಅಂತ ಅವಳಿಗೆ ಗೊತ್ತಿಲ್ಲ. ಹೊಸ್ತಿಲು ದಾಟಿಲ್ಲ, ನಾವು ದಾಟಿಸಿಲ್ಲ. ಒಳಗಿದ್ದ ನಾನು ದಿನಕ್ಕೆ ನಾಲ್ಕು ಸಲ ಬಗ್ಗಿ ನೋಡಿದೆ, ಕಾಣಲಿಲ್ಲ. ಅವಳು ಹೊರಗೆ ನಿಂತು ಮೂರು ಪ್ರಶ್ನೆ ಕೇಳಿ ಕಂಡಳು. ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದು ಏನನ್ನು?

೨೮ ಜನವರಿ, ಗುರುವಾರ

ಅತ್ತೆಗೆ ಹೇಳುವುದು ಹೇಗೆ? ಇಂಗ್ಲಿಷ್ ಓದಿದ ಸೊಸೆ ಗಂಜಳ ಬೇಡ ಅಂದಳು ಅಂತಾಗುತ್ತದೆ. ರಾಚಮ್ಮನ ಹೆಸರು ಹೇಳಿದರೆ, ಕೆಟ್ಟರೆ ಬೈಗುಳ ಅವಳಿಗೆ. ಹೇಳದಿದ್ದರೆ, ಒಳ್ಳೆಯದಾದಾಗ ಹೊಗಳಿಕೆ ನನಗೆ. ಎರಡನೆಯದೇ ಹೆಚ್ಚು ಕೆಟ್ಟದ್ದು ಅನ್ನಿಸಿತು. ಹೆಸರು ಹೇಳಿಯೇ ಹೇಳಿದೆ.

ಅತ್ತೆ ಎಲೆ ಅಗಿಯುವುದು ನಿಲ್ಲಿಸಲಿಲ್ಲ. ಅಗಿದರು, ಅಗಿದರು. ಎದ್ದುಹೋಗಿ ಉಗುಳಿ ಬಂದರು.

“ಅಂಗಾರೆ ಇಷ್ಟ್ ದಿನ ನಾನೇ ಅದುಕ್ಕೆ ಕಕ್ಕಸ್ ಕಟ್ಸ್‌ಕೊಟ್ಟಿದ್ದು ಅನ್ನು.”

ನಗಬೇಕೋ ಬೇಡವೋ ತಿಳಿಯಲಿಲ್ಲ.

“ನಗು ಕಣಮ್ಮಿ, ನನಗೇ ನಗು ಬತ್ತದೆ. ಆ ಜಾಗ್ದಲ್ಲಿ ಇಬೂತಿ ನೀರು ಚಿಮುಕುಸ್ತೀನಿ ಬುಡು. ಶಿವ ಏನ್ ಬ್ಯಾಡ ಅಂದಾನಾ.”

ಮದುವೆಯಾಗಿ ಬಂದಂದಿನಿಂದ ಅವರ ಅತ್ತೆ ಹೇಳಿಕೊಟ್ಟ ಪದ್ಧತಿ. ಐವತ್ತೈದು ವರ್ಷದ್ದು. ಒಂದು ಎಲೆ ಅಗಿಯುವಷ್ಟರಲ್ಲಿ ಬಿಟ್ಟರು. ಅತ್ತೆ ಹಟಮಾರಿ ಅಂತ ಈ ಡೈರಿಯಲ್ಲೇ ಎಷ್ಟು ಸಲ ಬರೆದಿದ್ದೇನೆ.

ಮಧ್ಯಾಹ್ನ ಗುದ್ದಲಿ ತೆಗೆದುಕೊಂಡು ಆ ಜಾಗದ ಮಣ್ಣನ್ನು ಗೇಣಾಳ ಅಗೆದೆ. ವಾಸನೆ ನನಗೇ ಹೊಡೆಯಿತು. ಕೆಮ್ಮಣ್ಣು ತುಂಬಿ ಬಡಿದು ಸಾರಿಸಿದೆ. ಅಗೆದ ಮಣ್ಣನ್ನು ರಾಚಮ್ಮ ಹಿತ್ತಿಲ ಬಾಗಿಲಲ್ಲಿ ಮಂಕರಿಗೆ ತುಂಬಿಕೊಂಡು ಹೋಗಿ ನುಗ್ಗೆಮರದ ಬುಡಕ್ಕೆ ಸುರಿದಳು. “ಈಗ ಇದ್ರ ಕಕ್ಕಸ್ಸು ಇಲ್ಲಿ ಅದೆ.”

ಬೂದ ನೇರ ಹೋಗಿ ಅಲ್ಲೇ ಕೂತ.

೧ ಫೆಬ್ರವರಿ, ಸೋಮವಾರ. ಬೆಳಿಗ್ಗೆ

ಮೂರು ದಿನ ಒಣ. ಇವತ್ತು ಬಾಗಿಲ ಬಳಿ ಒಂದು ಸಣ್ಣ ಮಡು. ಅತ್ತೆ ನೋಡಿದರು.

“ಅದ್ರದ್ದಲ್ಲ ತಪ್ಪು. ಬಾಗ್ಲಿಗಂಟ ಬಂದದೆ ಪಾಪ. ಮಗ್ಲು ಬದ್ಲಾಯ್ಸ್ಕಂಡು ಮಲ್ಗಿದ್ದೋಳು ನೀನು.”

ನಿಜ. ತಡವಾಗಿ ಎದ್ದೆ. ಬರಿಯ ನೀರು ಹಾಕಿ ಒರೆಸಿದೆ. ಹೊಡೆಯಲಿಲ್ಲ. ಇನ್ನು ಹೊಡೆಯುವುದಿಲ್ಲ. ಆದರೂ ನಾನು ಕೈ ಎತ್ತಿದರೆ — ತಲೆ ಬಾಚಲು ಎತ್ತಿದರೂ — ಕಣ್ಣು ಮುಚ್ಚುತ್ತಾನೆ. ಅದನ್ನು ಯಾವ ಕೆಮ್ಮಣ್ಣಿನಿಂದ ತುಂಬಲಿ?

೩ ಫೆಬ್ರವರಿ, ಬುಧವಾರ. ಅಮಾವಾಸ್ಯೆ

ಒಣ. ಅತ್ತೆ ಪೂಜೆ ಮುಗಿಸಿ ಹೊಸ್ತಿಲ ಮುಂದಿನ ನೆಲವನ್ನು ಅಂಗೈಯಿಂದ ಒತ್ತಿ ನೋಡಿದರು, ಕೈ ಮೂಸಿದರು. ಸಂಜೆ ಕಟ್ಟುವ ಹಗ್ಗ ಕೇಳುತ್ತಾರೇನೋ ಅಂತ ಕಾದೆ. ಕೇಳಿದ್ದು ಹಳೇ ಕಂಬಳಿ. “ನೆಲ ತಣ್ಗದೆ, ಮರಿ ಅಡೀಕ್ ಹಾಸು” ಅಂದರು.

ರಾಚಮ್ಮನಿಗೆ ಹೋಗಿ ಹೇಳಿದೆ. “ಉಳ್ಕತ್ತಾ?” ಅಂದಳು. ಉಳಿದುಕೊಂಡಿತು ಅಂದೆ. ಹುಲ್ಲಿನ ಕಡೆ ತಿರುಗಿ ಬಹಳ ಹೊತ್ತು ಸೆರಗಲ್ಲಿ ಮುಖ ಒರೆಸಿಕೊಂಡಳು. ನಾಲ್ಕು ಮರಿ, ಒಂದು ತಾಯಿ. ನಾನು ಆ ಲೆಕ್ಕ ಹಾಕಿರಲೇ ಇಲ್ಲ.

೪ ಫೆಬ್ರವರಿ, ಗುರುವಾರ. ಬೆಳಿಗ್ಗೆ ೬

ಬೇಗ ಎದ್ದೆ. ಬಿಡುವಿದೆ, ರಾಚಮ್ಮನ ವಿಷಯ ಸರಿಯಾಗಿ ಬರೆಯೋಣ ಅಂತ ಕೂತೆ. ಅಷ್ಟರಲ್ಲಿ ಹಿತ್ತಿಲ ಬಾಗಿಲನ್ನು ಉಗುರಿನಿಂದ ಕೆರೆಯುವ ಸದ್ದು. ಮೊದಲ ಸಲ. ತಾನಾಗಿ ಕೇಳುತ್ತಿದ್ದಾನೆ! ಏಳುವಷ್ಟರಲ್ಲಿ ಅತ್ತೆಯ ದನಿ — “ತಾಳ್ಲಾ, ತಾಳ್ಲಾ ಮಗ, ಅಗಳಿ ತೆಗೀಬ್ಯಾಡ್ವಾ?” ಬಾಗಿಲು ತೆರೆಯಿತು. ಈ ಚಳಿಯಲ್ಲಿ ಇನ್ನೂ ಕತ್ತಲಿರುವ ಹಿತ್ತಲಿಗೆ, ಕೈಯಲ್ಲಿ ದೊಣ್ಣೆ ಹಿಡಿದು, ಮರಿಯ ಹಿಂದೆ ಅವರೇ ಹೊರಟಿದ್ದಾರೆ.